ಕನ್ನಡಕ ತೆಗೆಸುವ ಮುನ್ನ

(ಬಾನುಲಿ ಭಾಷಣ)



ನಾನು ವೈದ್ಯನಲ್ಲ. ಮೂವತ್ತು ವರ್ಷಕ್ಕೂ ಮೀರಿ ಕಾಲೇಜಿನಲ್ಲಿ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ನಿವೃತ್ತನಾದವನು. ಅಂಥವನು ಲೇಸರ್ ಕಿರಣದಿಂದ ಕಣ್ಣಿಗೆ ಮಾಡುವ ಶಸ್ತ್ರಚಿಕಿತ್ಸೆಯ ಬಗ್ಗೆ ಮಾತನಾಡಹೊರಟಿರುವುದು ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರೀತು. ಆದರೆ ಪದ್ಯವನ್ನು ಅನ್ವಯಿಸಿ ಅರ್ಥ ಬಿಡಿಸುವುದೇ ಕಸುಬಾಗಿದ್ದವನ ಕೈಗೆ ಕಳೆದ ವರ್ಷ ಒಂದು ಗದ್ಯ ಬಂದು ಸೇರಿತು. ಸಣ್ಣ ಅಕ್ಷರದ ನಾಲ್ಕು ಪುಟಗಳ ಇಂಗ್ಲಿಷ್ ಗದ್ಯ. ಅದರ ತಲೆಬರಹವನ್ನು ಕನ್ನಡಿಸುವುದಾದರೆ ‘ತಿಳಿದು ನೀಡಿದ ಒಪ್ಪಿಗೆ’ ಎನ್ನಬೇಕಾಗುತ್ತದೆ. ಈ ಹೊತ್ತು ನಾನು ಮಾಡಲಿರುವುದು ಆ ಹಾಳೆಗೆ ಒಂದು ಟೀಕೆ, ಅಷ್ಟೆ.

ಹಾಳೆ ನನ್ನ ಕೈಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ನನ್ನ ಕಿರಿಯ ಮಗಳಿಗೆ ಆರನೆಯ ತರಗತಿಯಿಂದಲೂ ಕನ್ನಡಕ. ಅದು ನನ್ನಿಂದಲೇ ಬಂದ ಬಳುವಳಿ. ಈಗ ಅವಳಿಗೆ ಇಪ್ಪತ್ತಾರು ವರ್ಷ, ಎರಡು ಕಣ್ಣಿಗೂ ಮೈನಸ್ ಆರು. ವರಾನ್ವೇಷಣೆ ನಡೆದಿತ್ತು. ಒಂದು ಕಡೆಯವರು ಜಾತಕವೆಲ್ಲ ಕೂಡಿಬಂದ ಮೇಲೆ, ‘ಕನ್ನಡಕವಿಲ್ಲದ ಒಂದು ಫೋಟೋ ಇದ್ದರೆ ಕಳಿಸಿಕೊಡಿ’ ಎಂದು ಬಹಳ ವಿನಯದಿಂದಲೇ ಕೇಳಿದರು. ಮನೆಯಲ್ಲಿ ಯಾರೂ ಏನೂ ಆಡಲಿಲ್ಲ. ಎರಡು ದಿನ ಬಿಟ್ಟು ಅವಳೇ, ‘ಅಪ್ಪಾ, ಲೇಸರ್ ಮಾಡಿಸಿಬಿಡುತ್ತೇನೆ, ನನ್ನ ದುಡ್ಡಿನಲ್ಲೇ’ ಎಂದಳು. ನಾನು ಬೇಡವೆನ್ನಲಿಲ್ಲ. ಆ ಮನೆತನ ನನಗೂ ಹಿಡಿಸಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮೊದಲು ಹೋದ ಚಿಕಿತ್ಸಾಕೇಂದ್ರದ ಹೆಸರು ಬೇಡ. ತಿಂಗಳ ಕೊನೆಯೊಳಗೆ ಮಾಡಿಸಿಕೊಂಡರೆ ರಿಯಾಯಿತಿ ಎಂಬ ಫಲಕ ಬಾಗಿಲಲ್ಲೇ ಇತ್ತು. ಮಗಳು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಬಂದಿದ್ದಳು. ಅದನ್ನು ತೆಗೆಸಿ, ಅರ್ಧ ಗಂಟೆಯೊಳಗೆ ಎರಡು ಮೂರು ಯಂತ್ರಗಳ ಮುಂದೆ ಗದ್ದವೂರಿಸಿ, ಆಮೇಲೆ ಕಣ್ಣಿನ ಪಾಪೆ ಅರಳುವ ಹನಿ ಹಾಕಿ ಕೂಡಿಸಿದರು. ಹನಿ ಹಾಕಿದ ಮೇಲೆ ಆ ನಾಲ್ಕು ಪುಟಗಳನ್ನು ಕೈಗಿತ್ತು, ‘ಓದಿ ಸಹಿ ಮಾಡಿಡಿ, ಶನಿವಾರ ಬರಬಹುದು’ ಎಂದರು. ಆ ಹನಿ ಹಾಕಿದ ಮೇಲೆ ಕೆಲವು ಗಂಟೆಗಳ ಕಾಲ ಹತ್ತಿರದ ಅಕ್ಷರ ನಿಲ್ಲುವುದಿಲ್ಲ. ಕನ್ನಡಕ ತೆಗೆದು ಹಾಳೆಯನ್ನು ಮೂಗಿಗೆ ತಾಗುವಂತೆ ಹಿಡಿದರೂ ಬೆಳಕು ಕಣ್ಣು ಕೋರೈಸುತ್ತಿತ್ತು. ‘ಅಪ್ಪಾ, ನೀವೇ ಓದಿ ಹೇಳಿ’ ಎಂದಳು. ಓದಿದೆ. ಓದಿದ ಮೇಲೆ ಹಾಳೆಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಇಬ್ಬರೂ ಮನೆಗೆ ಬಂದೆವು.

‘ತಿಳಿದು’ ಎಂಬುದು ವ್ಯಾಕರಣದಲ್ಲಿ ಕೃದಂತಾವ್ಯಯ. ಮುಂದೆ ಬರುವ ಕ್ರಿಯೆಗಿಂತ ಮೊದಲೇ ಈ ಕ್ರಿಯೆ ನಡೆದು ಮುಗಿದಿರಬೇಕೆಂಬುದು ಅದರ ಅರ್ಥ. ಉಂಡು ಹೋದನು ಎಂದರೆ ಊಟ ಮೊದಲು, ಹೋಗುವುದು ಆಮೇಲೆ. ನಮ್ಮ ಸರ್ವೋಚ್ಚ ನ್ಯಾಯಾಲಯವೂ 2008ರ ಒಂದು ತೀರ್ಪಿನಲ್ಲಿ ಇದನ್ನೇ ವಿಸ್ತಾರವಾಗಿ ಹೇಳಿದೆ. ಚಿಕಿತ್ಸೆಯ ಸ್ವರೂಪವೇನು, ಉದ್ದೇಶವೇನು, ಅದರ ಬದಲಿಗೆ ಬೇರೆ ಏನೇನು ಮಾಡಬಹುದು, ಗಣ್ಯವಾದ ಅಪಾಯಗಳೇನು, ಮಾಡಿಸಿಕೊಳ್ಳದಿದ್ದರೆ ಏನಾದೀತು, ಇಷ್ಟನ್ನೂ ವೈದ್ಯರು ಸಾಕಷ್ಟು ತಿಳಿಸಿದ ಮೇಲೆ ಪಡೆದದ್ದೇ ಒಪ್ಪಿಗೆ. ಆದ್ದರಿಂದ ಈ ಚಿಕಿತ್ಸೆಗೆ ಹೋಗುವವರು ಮೊದಲು ಮಾಡಬೇಕಾದ ಕೆಲಸ ಬಲು ಸುಲಭವಾದದ್ದು: ಹನಿ ಹಾಕುವ ಮುಂಚೆ ಹಾಳೆ ಕೇಳಿ. ಸಾಧ್ಯವಾದರೆ ಹಿಂದಿನ ದಿನವೇ ಮನೆಗೆ ತನ್ನಿ.

ಇನ್ನು ವಿಷಯಕ್ಕೆ ಬರೋಣ. ನಮ್ಮ ಕಡೆ ಕಣ್ಣಾಸ್ಪತ್ರೆಯಿಂದ ಹೊರಬಂದವರೆಲ್ಲ ‘ಲೇಸರ್ ಮಾಡಿಸಿಕೊಂಡೆ’ ಎನ್ನುತ್ತಾರೆ. ಪೊರೆ ತೆಗೆಸಿಕೊಂಡ ಅಜ್ಜಿಯೂ ಹಾಗೆನ್ನುವುದುಂಟು. ಪೊರೆಯನ್ನು ಬಹುಮಟ್ಟಿಗೆ ಪುಡಿಮಾಡಿ ಹೀರುವುದು ಕಿವಿಗೆ ಕೇಳಿಸದ ಧ್ವನಿಯ ಕಂಪನದಿಂದಲೇ ಹೊರತು ಬೆಳಕಿನಿಂದಲ್ಲ. ಸಕ್ಕರೆ ಕಾಯಿಲೆಯವರ ಅಕ್ಷಿಪಟಲದಲ್ಲಿ ಕೆಟ್ಟ ರಕ್ತನಾಳಗಳಿಗಾಗಿ ಹಾಯಿಸುವ ಲೇಸರ್ ಬೇರೆ. ಪೊರೆ ತೆಗೆಸಿದ ಕೆಲವು ಕಾಲದ ಮೇಲೆ ಕೃತಕ ಮಸೂರದ ಹಿಂದಿನ ತೆಳುಚೀಲ ಮಬ್ಬಾದಾಗ ಅದರಲ್ಲಿ ಕಿಂಡಿ ತೆಗೆಯುವ ಲೇಸರ್ ಇನ್ನೂ ಬೇರೆ. ಇವೆಲ್ಲ ರೋಗಕ್ಕೆ ಮಾಡುವ ಚಿಕಿತ್ಸೆಗಳು. ಮಾಡದಿದ್ದರೆ ದೃಷ್ಟಿಗೆ ಹಾನಿ ಅಥವಾ ಅಡ್ಡಿ. ನಾನು ಹೇಳುತ್ತಿರುವುದು ಕನ್ನಡಕ ಬಿಡಿಸಲೆಂದು ಮಾಡುವ ಲೇಸರ್. ಇದು ರೋಗವಿಲ್ಲದ ಕಣ್ಣಿಗೆ ಮಾಡುವ ಶಸ್ತ್ರಚಿಕಿತ್ಸೆ. ಕನ್ನಡಕವಿಟ್ಟರೆ ಆ ಕಣ್ಣು ಸೊಗಸಾಗಿ ಕಾಣುತ್ತದೆ. ಮಾಡಿಸಿಕೊಳ್ಳದಿದ್ದರೆ ಆಗುವ ನಷ್ಟ ಕನ್ನಡಕ ಒರೆಸಿಕೊಳ್ಳುವುದೊಂದೇ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮಿಕ್ಕದ್ದನ್ನೆಲ್ಲ ತೂಗಿ ನೋಡಲು ತಕ್ಕಡಿ ದೊರೆತಂತೆ.

ಕಣ್ಣಿನ ಮುಂಭಾಗದಲ್ಲಿ ಕೈಗಡಿಯಾರದ ಗಾಜಿನಂತೆ ಉಬ್ಬಿಕೊಂಡಿರುವ ಪಾರದರ್ಶಕ ಪಟಲವೊಂದಿದೆ. ಅದೇ ಕಾರ್ನಿಯಾ. ಕಣ್ಣಿನೊಳಗಿನ ಮಸೂರವೇ ಬೆಳಕನ್ನೆಲ್ಲ ಬಾಗಿಸುತ್ತದೆಂದು ನಾವು ಶಾಲೆಯಲ್ಲಿ ಕಲಿತ ನೆನಪು. ನಿಜದಲ್ಲಿ ಮೂರರಲ್ಲಿ ಎರಡು ಪಾಲು ಕೆಲಸ ಈ ಕಾರ್ನಿಯಾದ್ದು. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್ ಎಂದಿಟ್ಟುಕೊಂಡರೆ ಅದರಲ್ಲಿ 43ರಷ್ಟು ಇದರ ಲೆಕ್ಕಕ್ಕೆ ಸೇರುತ್ತದೆ. ನಮ್ಮಲ್ಲಿ ‘ಪವರ್’ ಅಥವಾ ‘ನಂಬರು’ ಎನ್ನುವುದು ಈ ಡಯಾಪ್ಟರನ್ನೇ. ಕಣ್ಣುಗುಡ್ಡೆ ಹಿಂದುಮುಂದಾಗಿ ಸುಮಾರು 24 ಮಿಲಿಮೀಟರ್ ಉದ್ದ. ಅದು ಒಂದು ಮಿಲಿಮೀಟರ್ ಹೆಚ್ಚು ಬೆಳೆದರೂ ಎರಡೂವರೆ ಮೂರು ಡಯಾಪ್ಟರಿನಷ್ಟು ದೋಷ ಬರುತ್ತದೆ. ದೂರದ ವಸ್ತುವಿನ ಬಿಂಬ ಅಕ್ಷಿಪಟಲವನ್ನು ಮುಟ್ಟದೆ ಮುಂದೆಯೇ ಬಿದ್ದುಬಿಡುತ್ತದೆ. ಇದಕ್ಕೆ ಪಠ್ಯಪುಸ್ತಕದವರು ಸಮೀಪದೃಷ್ಟಿ ಎಂದೂ, ಇದರ ವಿರುದ್ಧದ ದೋಷಕ್ಕೆ ದೂರದೃಷ್ಟಿ ಎಂದೂ ಹೆಸರಿಟ್ಟರು. ದೂರದೃಷ್ಟಿಯುಳ್ಳವನೆಂದು ಮಂತ್ರಿಗಳನ್ನು ಹೊಗಳುವ ಭಾಷೆಯಲ್ಲಿ ಅದನ್ನೇ ಒಂದು ದೋಷಕ್ಕೂ ಹೆಸರಾಗಿಟ್ಟದ್ದು ವಿಚಿತ್ರವೇ ಸರಿ. ಇರಲಿ.

ಉದ್ದವಾದ ಕಣ್ಣುಗುಡ್ಡೆಯನ್ನು ಗಿಡ್ಡ ಮಾಡುವ ಉಪಾಯ ಯಾರಿಗೂ ಸಿಕ್ಕಿಲ್ಲ. ಲೇಸರ್ ಮಾಡುವುದು ಬೇರೆ ಕೆಲಸ: ಮುಂದಿನ ಕಾರ್ನಿಯಾದ ನಡುಭಾಗವನ್ನು ಸ್ವಲ್ಪ ಚಪ್ಪಟೆಯಾಗಿಸಿ, ಬಿಂಬವನ್ನು ಹಿಂದಕ್ಕೆ ತಳ್ಳುತ್ತದೆ. ಕಣ್ಣು ಹಿಂದೆ ಎಷ್ಟು ಉದ್ದವಿತ್ತೋ ಅಷ್ಟೇ ಉಳಿಯುತ್ತದೆ. ಈ ಮಾತಿನ ಮಹತ್ವ ಮುಂದೆ ತಿಳಿಯುತ್ತದೆ.

ಕಾರ್ನಿಯಾದ ಬಾಗನ್ನು ತಿದ್ದುವ ಆಸೆ ಲೇಸರಿಗಿಂತ ಹಳೆಯದು. ಜಪಾನಿನ ತ್ಸುತೊಮು ಸಾಟೊ ಎಂಬ ವೈದ್ಯ 1939ರ ಹೊತ್ತಿನಿಂದ ಕಾರ್ನಿಯಾಕ್ಕೆ ಒಳಗಡೆಯಿಂದಲೂ ಹೊರಗಡೆಯಿಂದಲೂ ಸಣ್ಣ ಸಣ್ಣ ಗೀರು ಹಾಕಿ ಸಮೀಪದೃಷ್ಟಿಯನ್ನು ಕಡಮೆ ಮಾಡಿದರು. ಮೊದಮೊದಲು ಫಲ ಚೆನ್ನಾಗಿಯೇ ಕಂಡಿತು. ಆದರೆ ಕಾರ್ನಿಯಾದ ಒಳಮೈಯಲ್ಲಿರುವ ಒಂದೇ ಸಾಲಿನ ಜೀವಕೋಶಗಳೇ ಅದನ್ನು ತಿಳಿಯಾಗಿ ಕಾಯುತ್ತವೆಂಬುದೂ, ಅವು ಸತ್ತರೆ ಮತ್ತೆ ಹುಟ್ಟವೆಂಬುದೂ ಆಗ ತಿಳಿದಿರಲಿಲ್ಲ. ಇಪ್ಪತ್ತು ವರ್ಷಗಳ ಅನಂತರ ಆ ರೋಗಿಗಳಲ್ಲಿ ಬಹುಮಂದಿಯ ಕಾರ್ನಿಯಾ ಊದಿ ಮಬ್ಬಾಯಿತು. 1970ರ ದಶಕದಲ್ಲಿ ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೋದರೊವ್ ಹೊರಮೈಗೆ ಮಾತ್ರ, ಗಾಡಿಚಕ್ರದ ಅರೆಗಳಂತೆ, ಗೀರು ಹಾಕುವ ಪದ್ಧತಿಯನ್ನು ಪ್ರಸಿದ್ಧಗೊಳಿಸಿದರು. ಅದು ಅಮೆರಿಕಕ್ಕೂ ಹಬ್ಬಿತು. ಹತ್ತು ವರ್ಷ ಕಳೆದ ಮೇಲೆ ನೋಡಿದರೆ ಅನೇಕರ ಕಣ್ಣು ಚಪ್ಪಟೆಯಾಗುತ್ತಲೇ ಹೋಗಿ ವಿರುದ್ಧದ ದೋಷದತ್ತ ಸರಿದಿತ್ತು. ಈ ಎರಡು ಕಥೆಗಳನ್ನು ಹೆದರಿಸಲೆಂದು ಹೇಳಲಿಲ್ಲ. ಮರುದಿನ ಬೆಳಗ್ಗೆ ಗೋಡೆಯ ಅಕ್ಷರ ಕಂಡಿತೆಂಬುದು ಸಾಕ್ಷ್ಯದ ಒಂದು ಭಾಗ ಮಾತ್ರ. ಇಪ್ಪತ್ತು ವರ್ಷದ ಮೇಲೆ ಏನು ಕಂಡಿತೆಂಬುದು ಇನ್ನೊಂದು ಭಾಗ.

ಇಂದಿನ ಲೇಸರಿನ ಕಥೆ ಮಾತ್ರ ಕೇಳಲು ಸ್ವಾರಸ್ಯವಾಗಿದೆ. ಅದರಲ್ಲಿ ನಮ್ಮ ದೇಶದವರೊಬ್ಬರ ಪಾತ್ರವೂ ಇದೆ. ಮದರಾಸು ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕಕ್ಕೆ ಹೋದ ರಂಗಸ್ವಾಮಿ ಶ್ರೀನಿವಾಸನ್ ಐ.ಬಿ.ಎಂ. ಕಂಪನಿಯ ಸಂಶೋಧನಾಲಯದಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದರು. ಎಕ್ಸೈಮರ್ ಎಂಬ, ಕಣ್ಣಿಗೆ ಕಾಣದ ಅತಿನೇರಳೆ ಲೇಸರಿನಿಂದ ಪ್ಲಾಸ್ಟಿಕ್ಕನ್ನು ಕೆತ್ತುವುದು ಅವರ ಕೆಲಸ. 1981ರ ನವೆಂಬರಿನಲ್ಲಿ, ಅಲ್ಲಿನವರ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕನ್ನು ಪ್ರಯೋಗಾಲಯಕ್ಕೆ ತಂದು ಅದರ ಮೇಲೆ ಆ ಕಿರಣವನ್ನು ಹಾಯಿಸಿದರು. ಸುತ್ತಲಿನ ಅಂಗಾಂಶ ಎಳ್ಳಷ್ಟೂ ಸುಡದೆ, ಉಳಿಯಿಂದ ಕಡೆದಂತೆ ನೇರವಾದ ಕಚ್ಚು ಬಿತ್ತು. ಸಹೋದ್ಯೋಗಿಗಳಾದ ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಈ ಶೋಧದಲ್ಲಿ ಪಾಲುದಾರರು. 193 ನ್ಯಾನೋಮೀಟರ್ ತರಂಗದ ಆ ಬೆಳಕು ಕಾಯಿಸಿ ಕರಗಿಸುವುದಿಲ್ಲ, ಅಣುಗಳ ಬಂಧವನ್ನೇ ಮುರಿಯುತ್ತದೆ. ಒಂದೊಂದು ಮಿಡಿತಕ್ಕೆ ಕಾಲು ಮೈಕ್ರಾನಿನಷ್ಟು ಮಾತ್ರ ಹಾರಿಸುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. 1983ರಲ್ಲಿ ನ್ಯೂಯಾರ್ಕಿನ ನೇತ್ರತಜ್ಞ ಸ್ಟೀಫನ್ ಟ್ರೋಕೆಲ್ ಶ್ರೀನಿವಾಸನ್ನರೊಡನೆ ಸೇರಿ ಇದನ್ನು ಕಾರ್ನಿಯಾಕ್ಕೆ ಅನ್ವಯಿಸಬಹುದೆಂದು ತೋರಿಸಿದರು.

ಮೊದಲು ಬಂದ ಪದ್ಧತಿಯಲ್ಲಿ ಕಾರ್ನಿಯಾದ ಮೇಲ್ಚರ್ಮವನ್ನು ಸವರಿ ತೆಗೆದು ಕಿರಣ ಹಾಯಿಸುತ್ತಿದ್ದರು. ಅದು ಪಿ.ಆರ್.ಕೆ. ಮೂರು ನಾಲ್ಕು ದಿನ ನೋವು, ದೃಷ್ಟಿ ತಿಳಿಯಾಗಲು ಕೆಲವು ವಾರ. ಅನಂತರ, 1990ರ ಹೊತ್ತಿಗೆ, ಗ್ರೀಸ್ ದೇಶದ ಕ್ರೀಟಿನಲ್ಲಿ ಇಯೋನಿಸ್ ಪಾಲ್ಲಿಕಾರಿಸ್ ಎಂಬವರು ಕಾರ್ನಿಯಾದಲ್ಲಿ ಒಂದು ತೆಳು ಮುಚ್ಚಳವನ್ನು ಸೀಳಿ, ಪುಸ್ತಕದ ರಟ್ಟಿನಂತೆ ಮಗುಚಿ, ಒಳಗಿನ ಪದರವನ್ನು ಕಿರಣದಿಂದ ಕೆತ್ತಿ, ರಟ್ಟನ್ನು ಮತ್ತೆ ಮುಚ್ಚುವ ಕ್ರಮವನ್ನು ಕಂಡುಹಿಡಿದರು. ಅದೇ ಲೇಸಿಕ್. ನೋವು ಕಡಮೆ, ಮರುದಿನವೇ ನೋಟ. ಮುಚ್ಚಳವನ್ನು ಹಿಂದೆ ಅಲಗಿನಿಂದ ಸೀಳುತ್ತಿದ್ದರು. ಈಗ ಬಹಳ ಕಡೆ ಅದಕ್ಕೂ ಫೆಮ್ಟೋಸೆಕೆಂಡ್ ಲೇಸರ್ ಎಂಬ ಬೇರೊಂದು ಲೇಸರ್ ಬಂದಿದೆ. ಸ್ಮೈಲ್ ಎಂಬ ಮೂರನೆಯ ಬಗೆಯಲ್ಲಿ ಮುಚ್ಚಳವೇ ಇಲ್ಲ. ಒಳಗೇ ಒಂದು ತೆಳುಬಿಲ್ಲೆಯನ್ನು ಕಡೆದು ಕೆಲವೇ ಮಿಲಿಮೀಟರಿನ ಸೀಳಿನಿಂದ ಹೊರಗೆಳೆಯುತ್ತಾರೆ. ಯಾವುದು ಶ್ರೇಷ್ಠವೆಂಬ ಜಾಹೀರಾತಿನ ಜಗಳ ನಮಗೆ ಬೇಡ. ಮುಚ್ಚಳವೆಂಬುದು ಮೊದಲಿನಂತೆ ಗಟ್ಟಿಯಾಗಿ ಎಂದೂ ಕೂಡಿಕೊಳ್ಳುವುದಿಲ್ಲವಾದ್ದರಿಂದ ಕುಸ್ತಿ, ಕಬಡ್ಡಿ, ಸೇನೆ ಮುಂತಾಗಿ ಮುಖಕ್ಕೆ ಪೆಟ್ಟು ಬೀಳುವ ಬಾಳಿನವರಿಗೆ ಮುಚ್ಚಳವಿಲ್ಲದ ಕ್ರಮವನ್ನು ಸೂಚಿಸುವುದುಂಟು ಎಂಬುದಷ್ಟು ತಿಳಿದಿದ್ದರೆ ಸಾಕು.

ಇನ್ನು ಆ ಹಾಳೆಯ ಮುಖ್ಯಭಾಗ. ಅದರಲ್ಲಿ ‘ಉಳಿಯುವ ದಪ್ಪ’ ಎಂದೊಂದು ಖಾಲಿ ಜಾಗವಿತ್ತು. ಅದರಲ್ಲಿ ಏನನ್ನೂ ತುಂಬಿರಲಿಲ್ಲ. ಅದೇನೆಂದು ಹುಡುಕಿದಾಗಲೇ ಇಡೀ ಚಿಕಿತ್ಸೆ ನನಗೆ ಅರ್ಥವಾದದ್ದು.

ಕಾರ್ನಿಯಾ ನಡುವೆ ಸಾಮಾನ್ಯವಾಗಿ ಸುಮಾರು 540 ಮೈಕ್ರಾನ್ ದಪ್ಪ, ಎಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಮೇಲ್ಚರ್ಮ ಹೋದರೆ ಮತ್ತೆ ಬೆಳೆಯುತ್ತದೆ; ಕಿರಣ ಕೆತ್ತುವ ನಡುಪದರ ಮತ್ತೆ ಬೆಳೆಯುವುದಿಲ್ಲ. ಅದು ಹುಟ್ಟಿದಾಗ ಕೊಟ್ಟ ಇಡಗಂಟು. 6 ಮಿಲಿಮೀಟರ್ ಅಗಲದ ವೃತ್ತದಲ್ಲಿ ಒಂದು ಡಯಾಪ್ಟರ್ ತಿದ್ದಬೇಕಾದರೆ ಸುಮಾರು 12 ಮೈಕ್ರಾನ್ ಕೆತ್ತಬೇಕು. ನನ್ನ ಮಗಳ ಆರಕ್ಕೆ 72 ಮೈಕ್ರಾನ್, ಹೆಚ್ಚುಕಡಮೆ ಒಂದು ತಲೆಗೂದಲಿನ ದಪ್ಪ. ಮುಚ್ಚಳದ ದಪ್ಪ 110 ಎನ್ನಿ. ಅದು ಮುಚ್ಚಿಕೊಂಡರೂ ಭಾರ ಹೊರುವುದರಲ್ಲಿ ಅದರ ಪಾಲು ಇಲ್ಲವೆಂದೇ ಎಣಿಸಬೇಕು. ಇವೆರಡನ್ನೂ ಕಳೆದ ಮೇಲೆ ತಳದಲ್ಲಿ ಕನಿಷ್ಠ 250 ಮೈಕ್ರಾನ್ ಉಳಿಯಲೇಬೇಕೆಂಬುದು ಹಳೆಯ ನಿಯಮ. ಎಚ್ಚರದ ವೈದ್ಯರು 280, 300 ಉಳಿಸಲು ನೋಡುತ್ತಾರೆ. ಕಣ್ಣಿನೊಳಗಿನ ಒತ್ತಡ ಹಗಲಿರುಳೂ ಕಾರ್ನಿಯಾವನ್ನು ಒಳಗಿನಿಂದ ತಳ್ಳುತ್ತಿರುತ್ತದೆ. ಗೋಡೆ ತೀರ ತೆಳುವಾದರೆ ತಿಂಗಳೋ ವರ್ಷವೋ ಕಳೆದ ಮೇಲೆ ಅದು ಮುಂದಕ್ಕೆ ಉಬ್ಬುತ್ತದೆ. ಎಕ್ಟೇಸಿಯಾ ಎಂದು ಕರೆಯುವ ಈ ತೊಡಕು ಅಪರೂಪದ್ದು. ಆದರೆ ಬಂದರೆ ಕನ್ನಡಕದಿಂದಲೂ ನೋಟ ಸರಿಹೋಗುವುದಿಲ್ಲ.

ಮಗಳ ಕಾರ್ನಿಯಾ 498 ಮೈಕ್ರಾನ್. ಕಾಗದ ಪೆನ್ಸಿಲು ಹಿಡಿದು ಕೂತೆ. 498ರಲ್ಲಿ 110 ಕಳೆದು 72 ಕಳೆದರೆ 316. ಲೆಕ್ಕ ತೇರ್ಗಡೆಯಾಯಿತು. ನಾನು ಸಮಾಧಾನಪಟ್ಟುಕೊಂಡದ್ದು ಅಲ್ಲೇ ತಪ್ಪು. ದಪ್ಪವೊಂದೇ ಸಾಲದು, ಆಕಾರವನ್ನೂ ನೋಡಬೇಕು.

ಆಕಾರ ನೋಡುವುದಕ್ಕೆ ಟೊಪೋಗ್ರಫಿ ಎಂಬ ಪರೀಕ್ಷೆಯಿದೆ. ಭೂಪಟದಲ್ಲಿ ಬೆಟ್ಟ ಕಣಿವೆಗಳಿಗೆ ಬಣ್ಣ ಕೊಡುವಂತೆ ಕಾರ್ನಿಯಾದ ಏರುತಗ್ಗುಗಳಿಗೆ ಬಣ್ಣ ಕೊಟ್ಟ ನಕ್ಷೆ ಬರುತ್ತದೆ. ಕಡಿದಾದಲ್ಲಿ ಕೆಂಪು, ಚಪ್ಪಟೆಯಾದಲ್ಲಿ ನೀಲಿ. ಈಗಿನ ಯಂತ್ರಗಳು ಕಾರ್ನಿಯಾದ ಹಿಂಬದಿಯ ಆಕಾರವನ್ನೂ ತೋರಿಸುತ್ತವೆ. ಕೆಲವರ ಕಾರ್ನಿಯಾ ಹರೆಯದಲ್ಲಿ ತಾನಾಗಿಯೇ ದುರ್ಬಲವಾಗಿ ಶಂಕುವಿನಂತೆ ಚೂಪಾಗುತ್ತ ಬರುವ ಒಂದು ರೋಗವುಂಟು, ಕೆರಟೋಕೋನಸ್ ಎಂದು. ಕಣ್ಣನ್ನು ಬಲವಾಗಿ ಉಜ್ಜಿಕೊಳ್ಳುವ ಚಾಳಿಗೂ ಅದಕ್ಕೂ ನಂಟಿದೆ. ಆರಂಭದಲ್ಲಿ ಅದು ಕನ್ನಡಕದ ಸಂಖ್ಯೆಯಲ್ಲಿ ಕಾಣುವುದಿಲ್ಲ, ನಕ್ಷೆಯಲ್ಲಿ ಮಾತ್ರ ಸುಳಿವು ಕೊಡುತ್ತದೆ. ಅಂಥ ಕಣ್ಣನ್ನು ಕೆತ್ತುವುದೆಂದರೆ ಬಿರುಕುಬಿಟ್ಟ ಕೆರೆಯ ಏರಿಯಿಂದ ಮಣ್ಣು ತೆಗೆದಂತೆ.

ಇಲ್ಲಿ ಕಾಂಟ್ಯಾಕ್ಟ್ ಲೆನ್ಸಿನ ಮಾತು ಬರುತ್ತದೆ. ಲೆನ್ಸ್ ಕಾರ್ನಿಯಾದ ಮೇಲೆ ಕೂತು ಕೂತು ಅದರ ಆಕಾರವನ್ನು ತಾತ್ಕಾಲಿಕವಾಗಿ ಬದಲಿಸಿರುತ್ತದೆ. ಆದ್ದರಿಂದ ಮೆದು ಲೆನ್ಸನ್ನು ಒಂದೆರಡು ವಾರ, ಗಡುಸು ಲೆನ್ಸನ್ನು ಮೂರು ನಾಲ್ಕು ವಾರವೋ ಇನ್ನೂ ಹೆಚ್ಚೋ ಬಿಟ್ಟ ಮೇಲೆ ತೆಗೆದ ನಕ್ಷೆಯೇ ನಂಬಲರ್ಹ. ಮೊದಲ ಕೇಂದ್ರದಲ್ಲಿ ಅರ್ಧ ಗಂಟೆ ಮೊದಲು ತೆಗೆಸಿದ್ದನ್ನು ಹೇಳಿದೆನಷ್ಟೆ.

ಎರಡನೆಯ ಆಸ್ಪತ್ರೆಗೆ ಹೋಗುವ ಮುಂಚೆ ಹಾಳೆಯ ಉಳಿದ ಕಲಮುಗಳನ್ನೂ ನೋಡಿಬಿಡೋಣ. ಮಾಡಿಸಿಕೊಂಡವರಲ್ಲಿ ಬಹುಪಾಲು ಜನ ತೃಪ್ತರಾಗಿಯೇ ಇದ್ದಾರೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಅಂಥವರಿದ್ದಾರೆ. ಆದರೂ ಕಣ್ಣು ಒಣಗುವುದು ತೀರ ಸಾಮಾನ್ಯವಾದ ದೂರು. ಮುಚ್ಚಳ ಸೀಳುವಾಗ ಕಾರ್ನಿಯಾದ ಸೂಕ್ಷ್ಮ ನರಗಳು ಕಡಿದುಹೋಗುತ್ತವೆ; ಕಣ್ಣೀರು ಬೇಕೆಂದು ಸುದ್ದಿ ಮುಟ್ಟಿಸುವವರೇ ಇಲ್ಲದಂತಾಗುತ್ತದೆ. ನರಗಳು ಮತ್ತೆ ಬೆಳೆಯಲು ಆರು ತಿಂಗಳು, ವರ್ಷ ಹಿಡಿಯಬಹುದು. ಕೆಲವರಲ್ಲಿ ಉರಿ ಉಳಿದುಬಿಡುತ್ತದೆ. ಕಂಪ್ಯೂಟರಿನ ಮುಂದೆ ದಿನವಿಡೀ ಕೂರುವವರು ರೆಪ್ಪೆ ಬಡಿಯುವುದೇ ಕಡಮೆಯಾದ್ದರಿಂದ ಈ ಕಷ್ಟ ಅವರಿಗೆ ಹೆಚ್ಚು. ಮೊದಲೇ ಕಣ್ಣು ಒಣಗುವವರು, ಕೀಲುವಾತದಂಥ ಸ್ವರಕ್ಷಣಾದೋಷದ ರೋಗವುಳ್ಳವರು ಅದನ್ನು ಮರೆಮಾಚದೆ ಹೇಳಬೇಕು. ಎರಡನೆಯದು ಇರುಳಿನ ತೊಂದರೆ. ಕತ್ತಲಲ್ಲಿ ಪಾಪೆ ಅರಳಿದಾಗ, ಕೆತ್ತಿದ ವೃತ್ತದ ಅಂಚಿನ ಬೆಳಕೂ ಒಳಗೆ ಬಂದು ದೀಪಗಳ ಸುತ್ತ ಪ್ರಭೆ ಕಟ್ಟುತ್ತದೆ. ಚಂದ್ರನ ಸುತ್ತ ಕಟ್ಟಿದರೆ ಅದು ಕವಿಗಳಿಗೆ ಇಷ್ಟ. ಎದುರು ಬರುವ ಲಾರಿಯ ದೀಪಕ್ಕೆ ಕಟ್ಟಿದರೆ ವಾಹನ ನಡೆಸುವವರಿಗೆ ಕಷ್ಟ.

ವಯಸ್ಸಿನ ವಿಷಯ. ಹದಿನೆಂಟರ ಒಳಗೆ ಕೂಡದು, ಇಪ್ಪತ್ತೊಂದಾದರೂ ಆಗಲೆನ್ನುವವರೇ ಹೆಚ್ಚು. ಒಂದು ವರ್ಷದಿಂದ ಸಂಖ್ಯೆ ಅರ್ಧ ಡಯಾಪ್ಟರಿಗಿಂತ ಹೆಚ್ಚು ಬದಲಾಗಿರಬಾರದು. ಬೆಳೆಯುತ್ತಿರುವ ಕಣ್ಣಿಗೆ ಮಾಡಿದರೆ ಎರಡು ವರ್ಷದಲ್ಲಿ ಮತ್ತೆ ಕನ್ನಡಕ. ಬಸುರಿಯರೂ ಹಾಲೂಡಿಸುವ ತಾಯಂದಿರೂ ಕಾಯಬೇಕು. ಆಗ ಕಣ್ಣಿನ ಸಂಖ್ಯೆಯೇ ಸ್ಥಿರವಾಗಿರುವುದಿಲ್ಲ.

ನಲವತ್ತು ದಾಟಿದವರಿಗೆ ಬೇರೆಯೇ ಮಾತಿದೆ. ಅದು ನಮ್ಮ ಭಾಷೆಯಲ್ಲೇ ಅಡಗಿದೆ. ಕನ್ನಡಕಕ್ಕೆ ‘ಚಾಳೀಸು’ ಎಂಬ ಹೆಸರಿರುವುದು ನಿಮಗೆ ಗೊತ್ತು. ಚಾಳೀಸು ಎಂದರೆ ನಲವತ್ತು. ಆ ವಯಸ್ಸಿಗೆ ಕಣ್ಣಿನೊಳಗಿನ ಮಸೂರ ಬಿರುಸಾಗಿ, ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಲೇಸಿಕ್ ಮುಟ್ಟುವುದು ಕಾರ್ನಿಯಾವನ್ನು. ಮಸೂರದ ತಂಟೆಗೇ ಅದು ಹೋಗುವುದಿಲ್ಲ. ಆದ್ದರಿಂದ ಇಪ್ಪತ್ತೈದರಲ್ಲಿ ಲೇಸರ್ ಮಾಡಿಸಿಕೊಂಡವರಿಗೂ ನಲವತ್ತೈದರಲ್ಲಿ ಪಂಚಾಂಗ ನೋಡಲು ಚಾಳೀಸು ಬೇಕೇ ಬೇಕು. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದು. ಸಮೀಪದೃಷ್ಟಿಯವರು ಮುಪ್ಪಿನಲ್ಲಿ ಕನ್ನಡಕ ತೆಗೆದಿಟ್ಟು ಬರಿಗಣ್ಣಿನಿಂದಲೇ ಓದಬಲ್ಲರು. ನಾನು ಮೈನಸ್ ಮೂರರವನು. ರಾತ್ರಿ ಹಾಸಿಗೆಯಲ್ಲಿ ಒರಗಿ, ಕನ್ನಡಕವನ್ನು ದಿಂಬಿನ ಪಕ್ಕದಲ್ಲಿಟ್ಟು, ಪುಸ್ತಕವನ್ನು ಒಂದಡಿ ದೂರದಲ್ಲಿ ಹಿಡಿದು ಓದುವ ಸುಖ ನನ್ನದು. ನಲವತ್ತೈದರಲ್ಲಿ ಲೇಸರ್ ಮಾಡಿಸಿಕೊಂಡಿದ್ದರೆ ಆ ಸುಖವನ್ನು ಕೊಟ್ಟು ದೂರದ ನೋಟವನ್ನು ಕೊಂಡಂತಾಗುತ್ತಿತ್ತು. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಕ್ರಮವೂ ಇದೆ. ಎಲ್ಲರ ಮಿದುಳಿಗೂ ಅದು ಒಗ್ಗುವುದಿಲ್ಲ. ಮೊದಲು ಕಾಂಟ್ಯಾಕ್ಟ್ ಲೆನ್ಸಿನಿಂದ ಕೆಲವು ದಿನ ಪರೀಕ್ಷಿಸಿ ನೋಡುವುದುಂಟು.

ಕಣ್ಣು ಹಿಂದೆ ಎಷ್ಟು ಉದ್ದವಿತ್ತೋ ಅಷ್ಟೇ ಉಳಿಯುತ್ತದೆಂದು ಆಗಲೇ ಹೇಳಿದೆ. ಉದ್ದವಾದ ಕಣ್ಣಿನಲ್ಲಿ ಅಕ್ಷಿಪಟಲ ಹಿಗ್ಗಿ ತೆಳುವಾಗಿರುತ್ತದೆ. ತೂತು ಬಿದ್ದು ಕಳಚಿಕೊಳ್ಳುವ ಸಂಭವ ಇತರರಿಗಿಂತ ಹೆಚ್ಚು. ಕನ್ನಡಕ ಹೋದ ಮಾತ್ರಕ್ಕೆ ಈ ಅಪಾಯ ಹೋಗುವುದಿಲ್ಲ. ಆದರೆ ಕನ್ನಡಕ ಹೋದವರು ಕಣ್ಣಿನ ವೈದ್ಯರ ಬಳಿ ಹೋಗುವುದನ್ನೂ ಬಿಟ್ಟುಬಿಡುತ್ತಾರೆ. ಕಣ್ಣಿನಲ್ಲಿ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಏಕಾಏಕಿ ತೇಲತೊಡಗಿದರೆ, ಪರದೆ ಇಳಿದಂತೆ ಕಂಡರೆ ಆ ದಿನವೇ ಓಡಬೇಕು. ಗ್ಲಾಕೋಮಾಕ್ಕಾಗಿ ಕಣ್ಣಿನ ಒತ್ತಡ ಅಳೆಯುವಾಗಲೂ ಒಂದು ಮೋಸವುಂಟು: ತೆಳುವಾದ ಕಾರ್ನಿಯಾದ ಮೇಲೆ ಯಂತ್ರ ನಿಜಕ್ಕಿಂತ ಕಡಮೆ ಒತ್ತಡವನ್ನು ತೋರಿಸುತ್ತದೆ. ಅರವತ್ತರ ಮೇಲೆ ಪೊರೆ ಬಂದಾಗ ಕೃತಕ ಮಸೂರದ ಸಂಖ್ಯೆ ಗೊತ್ತುಮಾಡುವುದೂ ಕಾರ್ನಿಯಾದ ಬಾಗನ್ನು ಆಧರಿಸಿಯೇ. ಬಾಗು ಬದಲಾಗಿದೆಯೆಂಬುದು ತಿಳಿಯದಿದ್ದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚಿನ ಸಂಖ್ಯೆ, ದಪ್ಪ, ನಕ್ಷೆ, ಅನಂತರದ ಅಳತೆ, ಇವನ್ನು ಕೇಳಿ ಪಡೆದು ಮನೆಯ ಕ್ರಯಪತ್ರದ ಜೊತೆ ಇಡುವಂಥ ಜಾಗದಲ್ಲಿಡಬೇಕು. ಮೂವತ್ತು ವರ್ಷದ ಮೇಲೆ ಅವನ್ನು ಕೇಳುವ ವೈದ್ಯರು ಇನ್ನೂ ಶಾಲೆಗೇ ಸೇರಿರಲಿಕ್ಕಿಲ್ಲ.

ನೇತ್ರದಾನದ ಬಗ್ಗೆಯೂ ಒಂದು ಮಾತು. 2006ರಲ್ಲಿ ರಾಜಕುಮಾರ್, 2021ರಲ್ಲಿ ಪುನೀತ್ ಕಣ್ಣು ಕೊಟ್ಟುಹೋದ ಮೇಲೆ ನಮ್ಮ ನಾಡಿನಲ್ಲಿ ಅನೇಕರು ಹೆಸರು ಬರೆಸಿದ್ದಾರೆ. ಪುನೀತರ ಕಾರ್ನಿಯಾಗಳ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ನೋಟ ಕೊಟ್ಟದ್ದು ನಿಮಗೆ ನೆನಪಿರಬಹುದು. ಲೇಸಿಕ್ ಆದ ಕಾರ್ನಿಯಾವನ್ನು ಪೂರ್ತಿ ದಪ್ಪದ ಕಸಿಗೆ ಸಾಮಾನ್ಯವಾಗಿ ಬಳಸುವುದಿಲ್ಲ, ಒಳಪದರದ ಕಸಿಗೆ ಬಳಸಬಹುದು. ದಾನವೇನೂ ತಪ್ಪುವುದಿಲ್ಲ. ಸರ್ಕಾರಿ ನೌಕರಿಗೆಂದು ಮಾಡಿಸಿಕೊಳ್ಳುವವರು ಮಾತ್ರ ಆಯಾ ನೇಮಕಾತಿಯ ಪ್ರಕಟಣೆಯನ್ನು ಮೊದಲು ಓದಬೇಕು. ರೈಲ್ವೆಯ ಸಹಾಯಕ ಚಾಲಕರ ಹುದ್ದೆಯ ಪ್ರಕಟಣೆಗಳಲ್ಲಿ ಲೇಸಿಕ್ ಮಾಡಿಸಿಕೊಂಡವರು ಅರ್ಹರಲ್ಲವೆಂಬ ಷರತ್ತು ಬಂದದ್ದುಂಟು. ಕೆಲಸಕ್ಕಾಗಿ ಕಣ್ಣು ಕೊಯ್ಯಿಸಿಕೊಂಡು, ಅದೇ ಕಾರಣಕ್ಕೆ ಕೆಲಸ ಕಳೆದುಕೊಳ್ಳುವುದು ಯಾರಿಗೂ ಬೇಡ.

ಎರಡು ವಾರ ಲೆನ್ಸ್ ಬಿಟ್ಟು ಎರಡನೆಯ ಆಸ್ಪತ್ರೆಗೆ ಹೋದೆವು. ಅಲ್ಲಿ ಪರೀಕ್ಷೆಗೇ ಮೂರು 시ಗಂಟೆ ಹಿಡಿಯಿತು. ಹನಿ ಹಾಕುವ ಮುಂಚೆ ವೈದ್ಯೆ ಮಗಳನ್ನು ಕೂಡಿಸಿಕೊಂಡು, ‘ಕಣ್ಣು ಉಜ್ಜಿಕೊಳ್ಳುವ ಅಭ್ಯಾಸ ಇದೆಯೇನಮ್ಮ?’ ಎಂದು ಕೇಳಿದರು. ಇತ್ತು, ಧೂಳಿನ ಅಲರ್ಜಿಯಿಂದ ಚಿಕ್ಕಂದಿನಿಂದಲೂ ಇತ್ತು. ನಕ್ಷೆಯನ್ನು ಪರದೆಯ ಮೇಲೆ ತೋರಿಸಿದರು. ಎಡಗಣ್ಣಿನ ಕೆಳಭಾಗದಲ್ಲಿ ಒಂದು ಕೆಂಪು ಮಚ್ಚೆ. ‘ರೋಗವೆಂದು ಹೇಳಲಾರೆ, ರೋಗವಲ್ಲವೆಂದೂ ಹೇಳಲಾರೆ. ಇಂಥ ಕಣ್ಣಿಗೆ ನಾನು ಲೇಸರ್ ಮಾಡುವುದಿಲ್ಲ’ ಎಂದರು. ನಾನು ನನ್ನ 316ರ ಲೆಕ್ಕವನ್ನು ಮುಂದಿಟ್ಟೆ. ಅವರು ನಕ್ಕು, ‘ಲೆಕ್ಕ ಸರಿಯಾಗಿದೆ ಸರ್. ಆದರೆ ನಾನು ನಂಬುವುದು ನಕ್ಷೆಯನ್ನು’ ಎಂದರು. ಕಣ್ಣಿನೊಳಗೇ ಒಂದು ಹೆಚ್ಚುವರಿ ಮಸೂರವನ್ನು ಕೂರಿಸುವ ಬೇರೊಂದು ಮಾರ್ಗವಿದೆಯೆಂದೂ, ಅದನ್ನು ಯೋಚಿಸುವುದಾದರೂ ಕಾರ್ನಿಯಾ ನಿಂತಲ್ಲೇ ನಿಂತಿದೆಯೆಂದು ಖಚಿತವಾದ ಮೇಲೆಯೇ ಎಂದೂ ಹೇಳಿದರು. ಕೆಂಪು ಹರಡುತ್ತ ಬಂದರೆ ವಿಟಮಿನ್ ಬಿ2ರ ಹನಿ ಹಾಕಿ ಅತಿನೇರಳೆ ಬೆಳಕು ಬಿಟ್ಟು ಕಾರ್ನಿಯಾವನ್ನು ಗಟ್ಟಿಮಾಡುವ ಚಿಕಿತ್ಸೆಯುಂಟಂತೆ. ಸದ್ಯಕ್ಕೆ ಅಲರ್ಜಿಗೆ ಹನಿ, ಉಜ್ಜುವುದು ಸಂಪೂರ್ಣ ನಿಷಿದ್ಧ, ಆರು ತಿಂಗಳಿಗೊಮ್ಮೆ ನಕ್ಷೆ.

ಅವಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ನನಗೂ ಆಡಲು ತೋಚಲಿಲ್ಲ. ಶನಿವಾರ ಬರಬಹುದೆಂದಿದ್ದ ಮೊದಲ ಜಾಗಕ್ಕೆ ನಾವು ಹೋಗಿದ್ದರೆ ಎಂಬ ಯೋಚನೆ ನನಗೆ ಬಂದದ್ದು ಆ ರಾತ್ರಿ, ಕನ್ನಡಕ ತೆಗೆದಿಟ್ಟ ಮೇಲೆ. ಬಹಳ ಹೊತ್ತು ಪುಸ್ತಕ ತೆರೆಯಲಾಗಲಿಲ್ಲ.

ಫೋಟೋ ಕೇಳಿದ್ದವರಿಗೆ ಅವಳೇ ಒಂದು ಫೋಟೋ ಕಳಿಸಿದಳು, ಕನ್ನಡಕ ಹಾಕಿಕೊಂಡದ್ದು. ಉತ್ತರ ಬರಲಿಲ್ಲ. ಕಳೆದ ತಿಂಗಳು ಎರಡನೆಯ ಸಲ ನಕ್ಷೆ ತೆಗೆಸಿದೆವು. ಎಡಗಣ್ಣಿನ ಕೆಂಪು ಇದ್ದಷ್ಟೇ ಇದೆ, ಹರಡಿಲ್ಲ. ಮುಂದಿನದು ಕಾರ್ತಿಕದಲ್ಲಿ.